ಹಳೆಯ ರೇಡಿಯೋದ ಹೊಳಪಿನಲ್ಲಿ ಏನಿದೆ?

ಅಟ್ಟದ ಮೇಲೆ ದೂಳು ಹೊದ್ದು ಕುಳಿತ ಹಳೆಯ ವಾಲ್ವ್ ರೇಡಿಯೋವನ್ನು ಕೆಳಗಿಳಿಸಿ, ಪಂಚೆಯ ತುಂಡಿನಿಂದ ಒಮ್ಮೆ ಒರೆಸಿ ನೋಡಿದವರಿಗೆ ಎರಡು ಆಸೆಗಳು ಒಟ್ಟಿಗೇ ಹುಟ್ಟುತ್ತವೆ. ಇದು ಮತ್ತೆ ಹಾಡೀತೇ ಎಂಬುದು ಒಂದು. ಇದರ ಮೈ ಮತ್ತೆ ಹೊಳೆದೀತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ವಾಲ್ವು, ಕಂಡೆನ್ಸರುಗಳ ಗುಟ್ಟು ಬಲ್ಲವರು ಬೇಕು. ಅಂಥವರು ಈಗ ವಿರಳ. ಎರಡನೆಯದು ಸುಲಭವೆಂದೇ ಎಲ್ಲರ ಎಣಿಕೆ. ಬಡಗಿಯನ್ನು ಕರೆಸಿದರಾಯಿತು, ಉಪ್ಪುಕಾಗದ ಹಾಕಿ ಚೆನ್ನಾಗಿ ಉಜ್ಜಿ ಎರಡು ಕೋಟು ಪಾಲಿಶ್ ಬಳಿದರಾಯಿತು.

ಆದರೆ ಹೀಗೆ ಉಜ್ಜಿದ ಪೆಟ್ಟಿಗೆ ಹಲವು ಸಲ ಮನೆಯವರನ್ನು ಬೆಚ್ಚಿಬೀಳಿಸುತ್ತದೆ. ಕಡುಕಂದು ಮರವೆಂದು ಎರಡು ತಲೆಮಾರು ನಂಬಿದ್ದ ಭಾಗ ಪೇಲವ ಬಿಳಿ ಮರವಾಗಿ ಹೊರಬರುತ್ತದೆ. ಅಲೆಅಲೆಯಾಗಿ ಹರಿದಿದ್ದ ಎಳೆಗಳು ಕಾಗದದೊಂದಿಗೆ ಪುಡಿಯಾಗಿ ಉದುರಿಹೋಗುತ್ತವೆ. ಅಂಚಿನಲ್ಲಿ ಇನ್ನೆರಡು ಬಾರಿ ಕೈಯಾಡಿಸಿದರೆ ಒಳಗಿನ ಪ್ಲೈವುಡ್ಡೇ ಕಾಣಿಸುತ್ತದೆ. ಮನೆಯವರು ಬಡಗಿಯನ್ನು ದೂರುತ್ತಾರೆ, ಬಡಗಿ ಮರವನ್ನು ದೂರುತ್ತಾನೆ. ತಪ್ಪು ಇಬ್ಬರದೂ ಅಲ್ಲ. ಬಣ್ಣ ಇದ್ದುದು ಮರದಲ್ಲಲ್ಲ, ಮರದ ಮೇಲಿನ ಲೇಪದಲ್ಲಿ. ಅದು ಹೋದ ಮೇಲೆ ಮರಳಿ ಬರುವುದಿಲ್ಲ.

ಕೂದಲೆಳೆಯಷ್ಟು ದಪ್ಪದ ಈ ಲೇಪವನ್ನು ನಾವು ಅಲಂಕಾರವೆಂದುಕೊಂಡಿದ್ದೇವೆ. ನಿಜಕ್ಕೆ ಅದೊಂದು ದಾಖಲೆ. ಜಾರ್ಖಂಡದ ಕಾಡಿನ ಕೀಟ, ಮೊದಲನೆಯ ಮಹಾಯುದ್ಧದ ಮದ್ದಿನ ಕಾರ್ಖಾನೆ, ಅಮೆರಿಕದ ಮೋಟಾರು ಉದ್ಯಮ, ನಮ್ಮ ಮೈಸೂರು ಸಂಸ್ಥಾನ ಎಲ್ಲವೂ ಅದರ ಕಥೆಯಲ್ಲಿ ಬಂದುಹೋಗುತ್ತವೆ. ಹಳೆಯ ರೇಡಿಯೋಗೆ ಹೊಸ ಹೊಳಪು ಕೊಡಹೊರಟವರು ಮೊದಲು ಈ ದಾಖಲೆಯನ್ನು ಓದಿಕೊಳ್ಳುವುದು ಒಳ್ಳೆಯದು.

ಯಂತ್ರಕ್ಕೆ ಪೀಠೋಪಕರಣದ ವೇಷ

ರೇಡಿಯೋ ಹುಟ್ಟುತ್ತಲೇ ಚೆಲುವಾಗಿರಲಿಲ್ಲ. 1920ರ ದಶಕದ ಆರಂಭದಲ್ಲಿ ಅದು ಪ್ರಯೋಗಶಾಲೆಯ ಸಾಮಾನಿನಂತಿತ್ತು. ಎಬೊನೈಟಿನ ಕಪ್ಪು ಫಲಕ, ಅದರ ತುಂಬ ತಿರುಪುಗಳು, ಪಕ್ಕದಲ್ಲಿ ಆಮ್ಲ ಸೋರುವ ಬ್ಯಾಟರಿ, ಮೇಲೆ ಗ್ರಾಮಫೋನಿನದರಂಥ ಕಹಳೆ, ಎಲ್ಲೆಡೆ ತಂತಿ. ಹವ್ಯಾಸಿಗಳಾದ ಗಂಡಸರು ಅದನ್ನು ತಮ್ಮ ಕೋಣೆಯಲ್ಲಿಟ್ಟುಕೊಂಡು ಕಿವಿಗೆ ಹೆಡ್‌ಫೋನು ಸಿಕ್ಕಿಸಿ ಕೂರುತ್ತಿದ್ದರು. ಮನೆಯ ಹಜಾರಕ್ಕೆ ಅದಕ್ಕೆ ಪ್ರವೇಶವಿರಲಿಲ್ಲ.

1920ರ ದಶಕದ ಕೊನೆಗೆ ಎರಡು ಬದಲಾವಣೆಗಳಾದವು. ಮನೆಯ ವಿದ್ಯುತ್ತಿನಿಂದಲೇ ನಡೆಯುವ ಸೆಟ್ಟುಗಳು ಬಂದು ಬ್ಯಾಟರಿ ಹೊರಟುಹೋಯಿತು. ಕಹಳೆಯ ಬದಲು ಧ್ವನಿವರ್ಧಕ ಪೆಟ್ಟಿಗೆಯೊಳಗೇ ಸೇರಿಕೊಂಡಿತು. ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಅಡಗಿದ ಮೇಲೆ, ಆ ಪೆಟ್ಟಿಗೆ ಹೇಗಿರಬೇಕೆಂಬ ಪ್ರಶ್ನೆ ಎದ್ದಿತು. ಕಂಪನಿಗಳು ಕಂಡುಕೊಂಡ ಉತ್ತರ ಸರಳ: ಅದು ಯಂತ್ರದಂತೆ ಕಾಣಬಾರದು, ಮನೆಯ ಮರದ ಸಾಮಾನುಗಳ ಬಂಧುವಿನಂತೆ ಕಾಣಬೇಕು.

ಅಮೆರಿಕದ ಫಿಲ್ಕೋ ಕಂಪನಿ 1930ರಲ್ಲಿ ‘ಬೇಬಿ ಗ್ರ್ಯಾಂಡ್’ ಎಂಬ ಮೇಜಿನ ಮೇಲಿಡುವ ಸೆಟ್ಟನ್ನು ಹೊರತಂದಿತು. ಚರ್ಚಿನ ಕಮಾನಿನಂತೆ ಮೇಲೆ ದುಂಡಗೆ ಬಾಗಿದ ಆ ಮರದ ಪೆಟ್ಟಿಗೆಯ ಬೆಲೆ 50 ಡಾಲರಿಗಿಂತ ಕಡಿಮೆ. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಅದು ಭರದಿಂದ ಮಾರಾಟವಾಯಿತು. ಸಂಗ್ರಾಹಕರು ಇಂದಿಗೂ ಆ ಆಕಾರದ ಸೆಟ್ಟುಗಳನ್ನು ‘ಕೆಥೆಡ್ರಲ್ ರೇಡಿಯೋ’ ಎಂದೇ ಕರೆಯುತ್ತಾರೆ. ಇಂಗ್ಲೆಂಡಿನಲ್ಲಿ ಮರ್ಫಿ ಕಂಪನಿ 1930ರ ದಶಕದಲ್ಲಿ ಹೆಸರಾಂತ ಪೀಠೋಪಕರಣ ತಯಾರಕ ಗಾರ್ಡನ್ ರಸೆಲ್‌ರ ಸಂಸ್ಥೆಯಿಂದಲೇ ಪೆಟ್ಟಿಗೆಗಳನ್ನು ಮಾಡಿಸಿಕೊಂಡಿತು. ಗಾರ್ಡನ್‌ರ ತಮ್ಮ ಆರ್. ಡಿ. ರಸೆಲ್ ಅವುಗಳ ವಿನ್ಯಾಸಕಾರರು. ಕೆತ್ತನೆ, ಕಮಾನುಗಳ ಹಂಗಿಲ್ಲದ, ಮರದ ಎಳೆಯ ಚೆಲುವನ್ನೇ ನೆಚ್ಚಿದ ಅವರ ಪೆಟ್ಟಿಗೆಗಳು ವಿನ್ಯಾಸದ ಚರಿತ್ರೆಯಲ್ಲಿ ಸ್ಥಾನ ಪಡೆದಿವೆ.

ಇಷ್ಟೊಂದು ಪೆಟ್ಟಿಗೆಗಳಿಗೆ ಗಟ್ಟಿ ಮರ ಎಲ್ಲಿಂದ ತರುವುದು? ಒಳಗೆ ಅಗ್ಗದ ಮರ ಅಥವಾ ಪ್ಲೈವುಡ್. ಹೊರಗೆ ವಾಲ್‌ನಟ್, ಮಹಾಗನಿಯಂಥ ಬೆಲೆಬಾಳುವ ಮರದಿಂದ ಸೀಳಿದ ತೆಳು ಹಾಳೆ. ಇದೇ ವೆನೀರ್. ಇದರ ದಪ್ಪ ಬಹುಮಟ್ಟಿಗೆ ಒಂದು ಮಿಲಿಮೀಟರಿಗೂ ಕಡಿಮೆ. ಅಂಟಿಸಲು ಬಳಸುತ್ತಿದ್ದುದು ಪ್ರಾಣಿಗಳ ಚರ್ಮ, ಮೂಳೆಗಳಿಂದ ಬೇಯಿಸಿ ತೆಗೆದ ಅಂಟು, ಅಂದರೆ ನಮ್ಮ ಬಡಗಿಗಳ ಮರವಜ್ರ. ಬಿಸಿ, ತೇವ ಎರಡೂ ಸೇರಿದರೆ ಮರವಜ್ರ ಸಡಿಲವಾಗುತ್ತದೆ. ಹಾಗಾಗಿಯೇ ಮಲೆನಾಡು, ಕರಾವಳಿಯ ಮಳೆಗಾಲಗಳನ್ನು ಕಂಡ ರೇಡಿಯೋಗಳ ವೆನೀರು ಅಂಚಿನಲ್ಲಿ ಸಿಪ್ಪೆಯಂತೆ ಏಳುವುದು.

ವೆನೀರಿನ ಮೇಲೆ ಬೀಳುವುದೇ ಹೊಳಪಿನ ಲೇಪ. ಅದರ ಮೊದಲ ಅಧ್ಯಾಯ ನಮ್ಮ ನೆಲದ್ದು.

ಕೀಟ ಕಟ್ಟಿದ ಹೊಳಪು

ಪಾಂಡವರನ್ನು ಸುಡಲು ಕೌರವರು ಕಟ್ಟಿಸಿದ ಅರಗಿನ ಮನೆಯ ಕಥೆ ಗೊತ್ತಿಲ್ಲದವರಿಲ್ಲ. ಅಥರ್ವವೇದದಲ್ಲೂ ಲಾಕ್ಷೆಯ ಸ್ತುತಿ ಇದೆ. ಈ ಅರಗನ್ನು ಉತ್ಪಾದಿಸುವುದು ಸಾಸಿವೆಗಿಂತ ಚಿಕ್ಕದಾದ ಒಂದು ಕೀಟ. ಮುತ್ತುಗ, ಬೋರೆ, ಕುಸುಮದಂಥ ಮರಗಳ ಎಳೆಯ ಕೊಂಬೆಗಳ ಮೇಲೆ ಇವು ಸಾವಿರಗಟ್ಟಲೆ ಮುತ್ತಿಕೊಳ್ಳುತ್ತವೆ. ಹೆಣ್ಣು ಕೀಟ ಒಮ್ಮೆ ಕೊಂಬೆಗೆ ಮೂತಿಯೂರಿದರೆ ಮತ್ತೆ ಕದಲುವುದಿಲ್ಲ. ರಸ ಹೀರುತ್ತಾ, ಮೈಯಿಂದ ಅಂಟು ಸ್ರವಿಸುತ್ತಾ, ತನ್ನ ಸುತ್ತ ತಾನೇ ಗೋಡೆ ಕಟ್ಟಿಕೊಂಡು ಅದರೊಳಗೇ ಸಾಯುತ್ತದೆ. ಲಕ್ಷಗಟ್ಟಲೆ ಕೀಟಗಳು ಹೀಗೆ ದುಡಿದರೆ ಒಂದು ಕಿಲೋ ಅರಗು. ಲಾಕ್ಷಾ ಎಂಬ ಹೆಸರಿಗೂ ಲಕ್ಷವೆಂಬ ಸಂಖ್ಯೆಗೂ ನಂಟು ಕಲ್ಪಿಸುವವರಿರುವುದು ಇದರಿಂದಲೇ.

ಕೊಂಬೆಯಿಂದ ಕೆರೆದು ತೆಗೆದ ಕಚ್ಚಾ ಅರಗನ್ನು ಕುಟ್ಟಿ ತೊಳೆದರೆ ಕಾಳಿನಂತಾಗುತ್ತದೆ. ಅದನ್ನು ಶುದ್ಧ ಮಾಡುವ ಹಳೆಯ ಕ್ರಮ ನೋಡುವಂಥದು. ಹತ್ತಾರು ಅಡಿ ಉದ್ದದ ಕಿರಿದಾದ ಬಟ್ಟೆಯ ಚೀಲಕ್ಕೆ ಅರಗಿನ ಕಾಳು ತುಂಬಿ, ಕೆಂಡದ ಒಲೆಯ ಮುಂದೆ ಹಿಡಿದು, ಒಂದು ತುದಿಯಿಂದ ಹಿಂಡುತ್ತಾರೆ. ಕರಗಿದ ಅರಗು ಬಟ್ಟೆಯಿಂದ ಜಿನುಗುತ್ತದೆ. ಅದು ಬಿಸಿಯಿರುವಾಗಲೇ ಒಬ್ಬ ಕೆಲಸಗಾರ ಕೈ, ಕಾಲು, ಹಲ್ಲು ಮೂರನ್ನೂ ಬಳಸಿ ಎಲ್ಲ ಕಡೆಗೂ ಎಳೆದು ದೊಡ್ಡ ತೆಳು ಹಾಳೆ ಮಾಡುತ್ತಾನೆ. ಆರಿದ ಮೇಲೆ ಅದನ್ನು ಮುರಿದು ಚೂರು ಮಾಡಿದರೆ ಅದೇ ಪ್ರಪಂಚದ ಮಾರುಕಟ್ಟೆಯ ಶೆಲ್ಲಾಕ್, ನಮ್ಮ ಪೇಟೆಯ ಚಪಡಾ. ಛೋಟಾನಾಗಪುರದ ಕಾಡಿನ ಅರಗು ಮಿರ್ಜಾಪುರದಂಥ ಊರುಗಳಲ್ಲಿ ಹೀಗೆ ಹಾಳೆಯಾಗಿ, ಕಲ್ಕತ್ತದ ಬಂದರಿನಿಂದ ಲೋಕಕ್ಕೆಲ್ಲ ಹೋಗುತ್ತಿತ್ತು. ಈ ವ್ಯಾಪಾರ ಎಷ್ಟು ದೊಡ್ಡದಿತ್ತೆಂದರೆ, ರಾಂಚಿಯ ಬಳಿಯ ನಾಮ್‌ಕುಮ್‌ನಲ್ಲಿ 1924ರಲ್ಲೇ ಅರಗಿಗೆಂದು ಪ್ರತ್ಯೇಕ ಸಂಶೋಧನಾ ಸಂಸ್ಥೆ ಹುಟ್ಟಿಕೊಂಡಿತು.

ಚಪಡಾವನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಯನ್ನು ಮೆತ್ತನೆಯ ಬಟ್ಟೆಯಲ್ಲಿ ಕಟ್ಟಿ ಅದರಲ್ಲದ್ದಿ, ಒಂದೆರಡು ಹನಿ ಎಣ್ಣೆ ಸೋಕಿಸಿ, ಇಂಗ್ಲಿಷಿನ ಎಂಟರ ಅಂಕಿಯಂತೆ ಸುತ್ತಿಸುತ್ತಾ ಮರಕ್ಕೆ ಉಜ್ಜುವುದೇ ಫ್ರೆಂಚ್ ಪಾಲಿಶ್. ಒಂದು ಪದರ ಆರಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ಹೀಗೆ ಹತ್ತಾರು ಪದರ. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಪಿಯಾನೋ, ಮೇಜು, ಕುರ್ಚಿಗಳೆಲ್ಲ ಹೊಳೆದದ್ದು ಈ ಅರಗಿನಿಂದ. ಗ್ರಾಮಫೋನಿನ ಪೆಟ್ಟಿಗೆ ಹೊಳೆದದ್ದೂ ಇದರಿಂದಲೇ. ಅಷ್ಟೇಕೆ, ಅದರ ಮೇಲೆ ತಿರುಗುತ್ತಿದ್ದ 78 ವೇಗದ ತಟ್ಟೆಯನ್ನು ಮಾಡುತ್ತಿದ್ದುದೂ ಕಲ್ಲಿನ ಪುಡಿ ಬೆರೆಸಿದ ಅರಗಿನಿಂದ. ರೇಡಿಯೋ ಬಂದಾಗ ಈ ಕೈಕೆಲಸ ಅದರ ಮೊದಮೊದಲ ಪೆಟ್ಟಿಗೆಗಳಿಗೂ ಒದಗಿತು.

ಮದ್ದಿನ ಮನೆಯಿಂದ ಬಂದ ಲೇಪ

ಒಬ್ಬ ನುರಿತ ಕೆಲಸಗಾರ ಒಂದು ಪೆಟ್ಟಿಗೆಗೆ ಫ್ರೆಂಚ್ ಪಾಲಿಶ್ ಹಾಕಿ ಮುಗಿಸಲು ದಿನಗಳೇ ಬೇಕು. ದಿನಕ್ಕೆ ಸಾವಿರ ಸೆಟ್ಟು ಹೊರಬೀಳಬೇಕಾದ ಕಾರ್ಖಾನೆಗೆ ಇದು ಒಗ್ಗುವ ಮಾತಲ್ಲ. ಪರಿಹಾರ ಬಂದದ್ದು ಅನಿರೀಕ್ಷಿತ ಮೂಲೆಯಿಂದ.

ಹತ್ತಿಯನ್ನು ನೈಟ್ರಿಕ್ ಮತ್ತು ಗಂಧಕದ ಆಮ್ಲಗಳಲ್ಲಿ ಅದ್ದಿದರೆ ನೈಟ್ರೋಸೆಲ್ಯುಲೋಸ್ ಸಿಗುತ್ತದೆ. ಹೊಗೆಯಿಲ್ಲದ ಸಿಡಿಮದ್ದಿಗೆ ಅದೇ ಮೂಲವಸ್ತು. ಮೊದಲನೆಯ ಮಹಾಯುದ್ಧಕ್ಕಾಗಿ ಇದನ್ನು ರಾಶಿರಾಶಿಯಾಗಿ ತಯಾರಿಸುತ್ತಿದ್ದ ಕಾರ್ಖಾನೆಗಳಿಗೆ 1918ರಲ್ಲಿ ಯುದ್ಧ ನಿಂತೊಡನೆ ಕೆಲಸವಿಲ್ಲದಾಯಿತು. ಅಮೆರಿಕದ ಡ್ಯೂಪಾಂಟ್ ಕಂಪನಿ ಇದೇ ವಸ್ತುವಿನಿಂದ ‘ಡ್ಯೂಕೋ’ ಎಂಬ ಬಣ್ಣದ ಲೇಪವನ್ನು 1923ರಲ್ಲಿ ಹೊರತಂದಿತು. ಜನರಲ್ ಮೋಟಾರ್ಸ್ ತನ್ನ ಓಕ್‌ಲ್ಯಾಂಡ್ ಕಾರುಗಳಿಗೆ ಅದನ್ನು ಮೊದಲು ಬಳಸಿತು. ಕಾರಿನ ಬಣ್ಣ ಆರಲು ವಾರಗಳು ಹಿಡಿಯುತ್ತಿದ್ದ ಕಾಲದಲ್ಲಿ ಇದು ಗಂಟೆಗಳಲ್ಲಿ ಆರಿತು. ಸ್ಪ್ರೇ ಗನ್ನಿನಿಂದ ಸಿಂಪಡಿಸಿದರೆ ಮುಗಿಯಿತು.

ಕಾರಿಗೆ ಒಗ್ಗಿದ್ದು ಪೀಠೋಪಕರಣಕ್ಕೆ, ಅಲ್ಲಿಂದ ರೇಡಿಯೋ ಪೆಟ್ಟಿಗೆಗೆ ಬರಲು ತಡವಾಗಲಿಲ್ಲ. 1930ರ ದಶಕದ ಹೊತ್ತಿಗೆ ಅಮೆರಿಕದ ಬಹುಪಾಲು ಮರದ ರೇಡಿಯೋಗಳ ಮೇಲಿದ್ದುದು ಈ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಲ್ಯಾಕರ್ ಎಂಬ ಪದದಲ್ಲಿ ನಮ್ಮ ಲಾಕ್ಷೆ ಉಳಿದುಕೊಂಡಿತು, ಲೇಪದಲ್ಲಿ ಉಳಿಯಲಿಲ್ಲ.

ಇಲ್ಲೇ ಇನ್ನೊಂದು ಕಥೆ ಹೇಳಬೇಕು. ವಿದ್ಯುತ್ ಉದ್ಯಮ ಬೆಳೆದಂತೆ ತಂತಿಗಳ ರಕ್ಷಾಕವಚಕ್ಕೂ ಅರಗೇ ಬೇಕಾಗಿ, ಅದರ ಬೆಲೆ ಏರುತ್ತಿತ್ತು. ಅದಕ್ಕೊಂದು ಕೃತಕ ಬದಲಿ ಹುಡುಕಲು ಹೊರಟವರು ಬೆಲ್ಜಿಯಂ ಮೂಲದ ರಸಾಯನವಿಜ್ಞಾನಿ ಲಿಯೋ ಬೇಕ್‌ಲ್ಯಾಂಡ್. ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳನ್ನು ಬೆರೆಸಿ ಕಾಯಿಸುತ್ತಾ 1907ರಲ್ಲಿ ಅವರು ತಲುಪಿದ್ದು ಬೇಕಲೈಟ್ ಎಂಬ ಮೊದಲ ಪೂರ್ಣ ಕೃತಕ ಪ್ಲಾಸ್ಟಿಕ್ಕಿಗೆ. ಅರಗಿನ ಬೆನ್ನು ಹತ್ತಿ ಹುಟ್ಟಿದ ಈ ವಸ್ತುವೇ ಮುಂದೆ ಮರದ ಪೆಟ್ಟಿಗೆಗೆ ಪ್ರತಿಸ್ಪರ್ಧಿಯಾಯಿತು. ಇಂಗ್ಲೆಂಡಿನ ಎಕ್ಕೋ ಕಂಪನಿ 1934ರಲ್ಲಿ, ವಾಸ್ತುಶಿಲ್ಪಿ ವೆಲ್ಸ್ ಕೋಟ್ಸ್ ರೂಪಿಸಿದ ಪೂರ್ತಿ ದುಂಡನೆಯ ಬೇಕಲೈಟ್ ರೇಡಿಯೋವನ್ನು ಮಾರುಕಟ್ಟೆಗೆ ಬಿಟ್ಟಿತು. ಕಪ್ಪು ಬಣ್ಣ, ಕ್ರೋಮಿಯಂ ಅಂಚಿನ ಅದರ ಚೆಲುವು ಇಂದು ವಸ್ತುಸಂಗ್ರಹಾಲಯಗಳಲ್ಲಿದೆ. ಆದರೆ ಅದೇ ರೇಡಿಯೋವನ್ನು ವಾಲ್‌ನಟ್ ಮರವನ್ನು ಅನುಕರಿಸುವ ಕಂದು ಬೇಕಲೈಟಿನಲ್ಲೂ ಮಾಡಬೇಕಾಯಿತು. ಪ್ಲಾಸ್ಟಿಕ್ ಕೂಡ ಮರದ ವೇಷ ಹಾಕದೆ ಹಜಾರದೊಳಗೆ ಕಾಲಿಡುವಂತಿರಲಿಲ್ಲ.

ಮರದ ಮೇಲೆ ಮರದ ಚಿತ್ರ

ವೇಷದ ಮಾತು ಬಂದಿತು. ಸ್ಪ್ರೇ ಗನ್ನು ಕೈಗೆ ಬಂದ ಮೇಲೆ ಮರವೇ ಮರದ ವೇಷ ಹಾಕತೊಡಗಿತು. ಲ್ಯಾಕರಿಗೆ ಬಣ್ಣ ಬೆರೆಸಿ ಸಿಂಪಡಿಸುವುದನ್ನು ‘ಟೋನಿಂಗ್’ ಎನ್ನುತ್ತಾರೆ. ಮುಂಭಾಗಕ್ಕೆ ಮಾತ್ರ ನಿಜವಾದ ವಾಲ್‌ನಟ್ ವೆನೀರು. ತಳದ ಪಟ್ಟಿ, ಅಂಚಿನ ಕಟ್ಟುಗಳಿಗೆ ಅಗ್ಗದ ಮರ. ಎಲ್ಲದರ ಮೇಲೂ ಬಣ್ಣದ ಲ್ಯಾಕರ್ ಸಿಂಪಡಿಸಿದರೆ ಇಡೀ ಪೆಟ್ಟಿಗೆ ಒಂದೇ ಮರದ್ದೆನ್ನಿಸುತ್ತದೆ. ಅಂಚಿಗೆ ಹೋದಂತೆ ಬಣ್ಣ ಗಾಢವಾಗಿ, ನಡುವೆ ತಿಳಿಯಾಗಿ ಕಾಣುವುದೂ ಇದೇ ಕೈಚಳಕ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು ಅಪರೂಪದ ಮರಗಂಟಿನ ಎಳೆಗಳ ಛಾಯಾಚಿತ್ರ ತೆಗೆದು, ಅದನ್ನು ಸಾದಾ ಮರದ ಮೇಲೆ ಅಚ್ಚಿನಂತೆ ಇಳಿಸಿ, ಮೇಲೆ ಲ್ಯಾಕರ್ ಬಳಿದರು. ‘ಫೋಟೋ ಫಿನಿಶ್’ ಎಂದು ಇದರ ಹೆಸರು. 1930 ಮತ್ತು 40ರ ದಶಕಗಳ ಅಮೆರಿಕದ ಎಷ್ಟೋ ಸೆಟ್ಟುಗಳಲ್ಲಿ ಇದನ್ನು ಕಾಣಬಹುದು. ಕಣ್ಣಿಗೆ ಕಾಣುವ ಎಳೆ ಇಲ್ಲಿ ಬರೀ ಮಸಿ. ಉಪ್ಪುಕಾಗದದ ಒಂದೇ ಎಳೆತಕ್ಕೆ ಮರದ ಚಿತ್ರ ಮಾಯವಾಗಿ, ಮರ ಮಾತ್ರ ಉಳಿಯುತ್ತದೆ. ಮೊದಲಿಗೆ ಹೇಳಿದ ಬೆಚ್ಚಿಬೀಳುವ ಪ್ರಸಂಗದ ಒಳಗುಟ್ಟು ಇದು.

ಇದನ್ನು ಮೋಸವೆನ್ನಬೇಕೇ? ಹಾಗೆನ್ನುವುದು ಸುಲಭ. ಆದರೆ ಸಾಹುಕಾರನ ಹಜಾರದ ಸಾಮಾನಿನಂತೆ ಕಾಣುವ ಒಂದು ವಸ್ತು, ತಿಂಗಳ ಕಂತಿನಲ್ಲಿ ಗುಮಾಸ್ತನ ಮನೆಗೂ ಬಂದದ್ದು ಈ ಹುಸಿ ಎಳೆಯ ದೆಸೆಯಿಂದ. ಲೇಪವನ್ನು ಕೆರೆದು ತೆಗೆದರೆ ಆ ಕಾಲದ ಆ ಆಸೆಯ ಗುರುತನ್ನೂ ಕೆರೆದಂತೆ.

ಎರಡನೆಯ ಮಹಾಯುದ್ಧದ ನಂತರ ಹೊಳಪು ಮತ್ತೊಮ್ಮೆ ಬದಲಾಯಿತು. 1950ರ ದಶಕದಲ್ಲಿ ಗ್ರುಂಡಿಗ್, ಟೆಲಿಫುಂಕೆನ್, ಸಾಬಾ ಮುಂತಾದ ಜರ್ಮನಿಯ ಕಂಪನಿಗಳು ಹಸಿರು ‘ಮಾಯಾಕಣ್ಣು’, ದಂತದ ಬಣ್ಣದ ಒತ್ತುಗುಂಡಿಗಳಿದ್ದ ದೊಡ್ಡ ಸೆಟ್ಟುಗಳನ್ನು ಪಿಯಾನೋದಂತೆ ಮುಖ ಕಾಣುವ ಹೊಳಪಿನಲ್ಲಿ ಹೊರತಂದವು. ಆ ದಶಕದ ಕೊನೆಯ ಹೊತ್ತಿಗೆ ಅವುಗಳಲ್ಲಿ ಹಲವಕ್ಕೆ ಬಳಿದಿದ್ದುದು ಪಾಲಿಯೆಸ್ಟರ್. ಗಾಜಿನಂತೆ ದಪ್ಪ, ಗಾಜಿನಂತೆಯೇ ಪೆಡಸು; ಒಮ್ಮೆ ಗಟ್ಟಿಯಾದರೆ ಯಾವ ಸ್ಪಿರಿಟ್ಟಿಗೂ ಕರಗದು. ಮರದ ಪೆಟ್ಟಿಗೆಯ ಕೊನೆಯ ವೈಭವ ಅದು. 1954ರಲ್ಲಿ ಅಮೆರಿಕದ ರೀಜೆನ್ಸಿ ಎಂಬ ಜೇಬಿನಲ್ಲಿಡುವ ಪ್ಲಾಸ್ಟಿಕ್ ಟ್ರಾನ್ಸಿಸ್ಟರ್ ರೇಡಿಯೋ ಆಗಲೇ ಅಂಗಡಿಗೆ ಬಂದಾಗಿತ್ತು.

ನಮ್ಮ ಹಜಾರದ ದೇವರ ಪೆಟ್ಟಿಗೆ

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ 1935ರ ಸೆಪ್ಟೆಂಬರ್ 10ರಂದು ಪ್ರಸಾರ ಆರಂಭಿಸಿದ್ದು, ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರಾದದ್ದು ನಾಡಿಗೆಲ್ಲ ಗೊತ್ತಿರುವ ವಿಷಯ. ಅದಾದ ಎರಡು ವರ್ಷಕ್ಕೆ, 1937ರಲ್ಲಿ, ಅದೇ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಇನ್ನೊಂದು ಉದ್ಯಮ ಶುರುವಾಯಿತು: ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಅರಗನ್ನೇ ನೆಚ್ಚಿ ಹುಟ್ಟಿದ ಆ ಕಾರ್ಖಾನೆಯನ್ನು ನಾವು ಇಂದು ಬಲ್ಲುದು, 1962ರ ಚುನಾವಣೆಯಿಂದ ಈಚೆಗೆ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯಿಂದ. ಚನ್ನಪಟ್ಟಣದ ಗೊಂಬೆಗೆ ಬಣ್ಣ ಕೂರಿಸುವುದೂ ಅರಗೇ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿಕೆಯ ಶಾಖಕ್ಕೆ ಅದು ಕರಗಿ ಮರವನ್ನು ಅಪ್ಪಿಕೊಳ್ಳುತ್ತದೆ. ರೇಡಿಯೋ ಪೆಟ್ಟಿಗೆಯ ಹೊಳಪು ನಮಗೆ ಹೊರಗಿನಿಂದ ಬಂದ ಸೋಜಿಗವೇನೂ ಅಲ್ಲ. ನಮ್ಮಿಂದ ಹೋದದ್ದೇ ರೂಪ ಬದಲಿಸಿ ಮರಳಿ ಬಂದದ್ದು.

ಸ್ವಾತಂತ್ರ್ಯಾನಂತರ ಮರ್ಫಿ, ಬುಷ್, ಫಿಲಿಪ್ಸ್, ಎಚ್.ಎಂ.ವಿ., ನ್ಯಾಷನಲ್ ಎಕ್ಕೋ ಮೊದಲಾದ ಹೆಸರುಗಳ ಸೆಟ್ಟುಗಳು ನಮ್ಮಲ್ಲೇ ತಯಾರಾಗತೊಡಗಿದವು. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಲೈಸೆನ್ಸ್ ಕಟ್ಟಬೇಕಿತ್ತು. ಆ ಪದ್ಧತಿ ರದ್ದಾದದ್ದು 1980ರ ದಶಕದಲ್ಲಿ. ಅಷ್ಟು ಬೆಲೆಯ ವಸ್ತುವಿಗೆ ಮನೆಯಲ್ಲಿ ಸಿಕ್ಕ ಸ್ಥಾನವೂ ಅಂಥದ್ದೇ. ಮಕ್ಕಳ ಕೈಗೆಟುಕದ ಎತ್ತರದ ಸ್ಟ್ಯಾಂಡು, ಮೇಲೆ ಕಸೂತಿಯ ಬಟ್ಟೆ, ಅದರ ಮೇಲೊಂದು ಫೋಟೋ ಅಥವಾ ಹೂದಾನಿ. ವಾರ್ತೆಯ ಹೊತ್ತಿಗೆ ಮನೆಯ ಹಿರಿಯರು ಮಾತ್ರ ಎದ್ದು ತಿರುಪು ಮುಟ್ಟುತ್ತಿದ್ದರು. 1952ರ ಡಿಸೆಂಬರಿನಲ್ಲಿ ರೇಡಿಯೋ ಸಿಲೋನಿನಿಂದ ಬಿನಾಕಾ ಗೀತಮಾಲಾ ಆರಂಭವಾದ ಮೇಲೆ ಮಕ್ಕಳೂ ಬೇಡಿ ಕಾಡಿ ತಿರುಪಿನವರೆಗೆ ಹೋದರು.

ಬಾಗಿಲು, ಕಿಟಕಿ, ಕುರ್ಚಿಗಳಿಗೆ ಪಾಲಿಶ್ ಹಾಕಲು ಬಂದ ಬಡಗಿ, ಮನೆಯವರು ಕೇಳಿದರೆ ರೇಡಿಯೋಗೂ ಒಂದು ಕೈ ಸ್ಪಿರಿಟ್ ಪಾಲಿಶ್ ಎಳೆದು ಹೋಗುತ್ತಿದ್ದ. ಹಾಗಾಗಿ ನಮ್ಮ ದೇಶದ ರೇಡಿಯೋಗಳ ಮೇಲೆ ಕೆಲವೊಮ್ಮೆ ಎರಡು ಚರಿತ್ರೆಗಳು ಒಂದರ ಮೇಲೊಂದು ಕುಳಿತಿರುತ್ತವೆ. ಕೆಳಗೆ ಕಾರ್ಖಾನೆಯ ಲ್ಯಾಕರು. ಮೇಲೆ ಊರ ಬಡಗಿಯ ಅರಗು.

ಒರೆಸುವ ಮುನ್ನ

ಹಾಗಾದರೆ ಪೆಟ್ಟಿಗೆಯನ್ನು ಮುಟ್ಟಲೇಬಾರದೇ? ಖಂಡಿತ ಮುಟ್ಟಬಹುದು, ಆದರೆ ಕೇಳಿ ಮುಟ್ಟಬೇಕು. ಕೇಳುವ ಕ್ರಮ ಕಷ್ಟದ್ದಲ್ಲ. ಪೆಟ್ಟಿಗೆಯ ತಳದಲ್ಲೋ ಹಿಂಬದಿಯ ಅಂಚಿನಲ್ಲೋ ಕಣ್ಣಿಗೆ ಬೀಳದ ಕಡೆ, ಹತ್ತಿಯ ತುದಿಗೆ ಒಂದು ಹನಿ ಸ್ಪಿರಿಟ್ ಸೋಕಿಸಿ ಒತ್ತಬೇಕು. ಮೈ ಅಂಟಂಟಾಗಿ ಹತ್ತಿಗೆ ಕಂದು ಹತ್ತಿದರೆ ಅದು ಅರಗು. ಸ್ಪಿರಿಟ್ಟಿಗೆ ಜಗ್ಗದೆ ಥಿನ್ನರಿಗೆ ಮೆತ್ತಗಾದರೆ ನೈಟ್ರೋಸೆಲ್ಯುಲೋಸ್. ಎರಡಕ್ಕೂ ಬಗ್ಗದಿದ್ದರೆ ಪಾಲಿಯೆಸ್ಟರ್ ಅಥವಾ ಈಚೆಗೆ ಯಾರೋ ಬಳಿದ ಆಧುನಿಕ ವಾರ್ನಿಷ್. ಸ್ಪಿರಿಟ್ಟಿಗೆ ಮೇಲಿನ ಪದರ ಕರಗಿ ಕೆಳಗಿನದು ನಿಂತರೆ, ಊರ ಬಡಗಿ ಬಂದುಹೋದ ಗುರುತು ಸಿಕ್ಕಿತೆಂದು ತಿಳಿಯಬಹುದು.

ಮುಂದಿನದು ಶುಚಿ ಮಾಡುವ ಕೆಲಸ. ಇದಕ್ಕೆ ಮುಂಚೆ ಒಳಗಿನ ಯಂತ್ರವನ್ನು ತಿಳಿದವರಿಂದ ಬಿಚ್ಚಿಸಿ ಹೊರಗಿಡಬೇಕು. ಹಳೆಯ ಸೆಟ್ಟುಗಳ ಲೋಹದ ಚೌಕಟ್ಟಿನಲ್ಲೇ ವಿದ್ಯುತ್ ಹರಿಯುವುದುಂಟು. ಆಮೇಲೆ ತಿಳಿ ಸಾಬೂನು ನೀರಿನಲ್ಲಿ ಅದ್ದಿ ಬಿಗಿಯಾಗಿ ಹಿಂಡಿದ ಬಟ್ಟೆಯಿಂದ ನಯವಾಗಿ ಒರೆಸಿ, ತಕ್ಷಣ ಒಣಬಟ್ಟೆಯಿಂದ ತೇವ ತೆಗೆಯಬೇಕು. ಐವತ್ತು ವರ್ಷಗಳ ಒಲೆಯ ಹೊಗೆ, ಊದುಬತ್ತಿಯ ಮಸಿ, ಎಣ್ಣೆಗೈಗಳ ಜಿಡ್ಡು ಇಷ್ಟರಲ್ಲೇ ಹೊರಟು, ಹಾಳಾಗಿದೆಯೆಂದುಕೊಂಡ ಹೊಳಪು ಕೆಳಗಿನಿಂದ ಇಣುಕುವುದು ಅಪರೂಪವಲ್ಲ. ಎಷ್ಟೋ ಪೆಟ್ಟಿಗೆಗಳಿಗೆ ಬೇಕಾದದ್ದು ಪಾಲಿಶ್ ಅಲ್ಲ, ಸ್ನಾನ.

ಒಂದೇ ಒಂದು ಜಾಗಕ್ಕೆ ನೀರು ಸೋಕಕೂಡದು: ನಿಲಯಗಳ ಹೆಸರಿರುವ ಗಾಜಿನ ಹಿಂಬದಿ. ದೆಹಲಿ, ಮದ್ರಾಸ್, ಸಿಲೋನ್ ಎಂಬ ಅಕ್ಷರಗಳನ್ನು ಅಚ್ಚು ಹಾಕಿರುವುದು ಅಲ್ಲೇ. ಒದ್ದೆ ಬಟ್ಟೆಯ ಒಂದೇ ಒರೆತಕ್ಕೆ ಊರುಗಳೆಲ್ಲ ಅಳಿಸಿಹೋದ ಗಾಜುಗಳನ್ನು ಗುಜರಿ ಅಂಗಡಿಗಳಲ್ಲಿ ಕಾಣಬಹುದು. ಮುಂಭಾಗದಲ್ಲಿ ಅಂಟಿಸಿದ ಕಂಪನಿಯ ಹೆಸರಿನ ಅಚ್ಚು, ತಳದಲ್ಲಿ ಅಂಟಿಸಿದ ಚೀಟಿ ಇವೂ ಅಷ್ಟೇ ನಾಜೂಕು.

ಲೇಪ ಮೊಸಳೆಯ ಚರ್ಮದಂತೆ ಬಿರುಕುಬಿಟ್ಟಿದ್ದರೆ? ಅರಗು, ಲ್ಯಾಕರ್ ಎರಡಕ್ಕೂ ಒಂದು ದೊಡ್ಡ ಗುಣವಿದೆ: ತಮ್ಮ ತಮ್ಮ ದ್ರಾವಕ ಸೋಕಿದರೆ ಅವು ಎಷ್ಟು ಹಳೆಯದಾದರೂ ಮತ್ತೆ ಕರಗುತ್ತವೆ. ಅರಗಿನ ಮೇಲೆ ಸ್ಪಿರಿಟ್ಟನ್ನು, ಲ್ಯಾಕರಿನ ಮೇಲೆ ಥಿನ್ನರನ್ನು ತೆಳುವಾಗಿ ಹಾಯಿಸಿದರೆ ಬಿರುಕಿನ ಅಂಚುಗಳು ಕರಗಿ ಒಂದನ್ನೊಂದು ಕೂಡಿಕೊಳ್ಳುತ್ತವೆ. ಹಳೆಯ ಬಣ್ಣ ಹಳೆಯ ಜಾಗದಲ್ಲೇ ಉಳಿದು ಗಾಯ ಮಾತ್ರ ಮಾಯುತ್ತದೆ. ಇದಕ್ಕೆ ಗಾಳಿಯಾಡುವ ಬಯಲು ಜಾಗ ಬೇಕು, ಬೆಂಕಿ ಹತ್ತಿರ ಸುಳಿಯಬಾರದು, ಕೈ ಪಳಗಿರಬೇಕು. ಎದ್ದ ವೆನೀರಿಗೆ ಹೊಸ ಅಂಟಿಗಿಂತ ಮರವಜ್ರವೇ ಲೇಸು. ಮುಂದೊಂದು ದಿನ ಬಿಡಿಸಬೇಕಾಗಿ ಬಂದರೆ ಬಿಸಿ ತೇವಕ್ಕೆ ಅದು ಬಿಟ್ಟುಕೊಡುತ್ತದೆ. ಪೂರ್ತಿ ಉಜ್ಜಿ ತೆಗೆಯುವುದು ಕೊನೆಯ ದಾರಿ. ಗೆದ್ದಲು ತಿಂದು, ನೀರಲ್ಲಿ ನೆನೆದು, ಉಳಿಸಲು ಏನೂ ಉಳಿದಿಲ್ಲವೆಂದಾಗ ಹಿಡಿಯಬೇಕಾದದ್ದು.

ಯಾವ ದಿನಕ್ಕೆ ಮರಳಬೇಕು?

ಇಷ್ಟಾದರೂ ಒಂದು ವಾದ ಉಳಿಯುತ್ತದೆ. ಕಾರ್ಖಾನೆಯಿಂದ ಹೊರಟ ದಿನ ಈ ರೇಡಿಯೋ ಕನ್ನಡಿಯಂತೆ ಹೊಳೆಯುತ್ತಿತ್ತಲ್ಲ, ಅದನ್ನು ಆ ಸ್ಥಿತಿಗೆ ಮರಳಿಸುವುದೇ ನಿಜವಾದ ಗೌರವವಲ್ಲವೇ, ಮಂಕನ್ನು ಏಕೆ ಪೂಜಿಸಬೇಕು ಎಂದು ಹಲವು ಸಂಗ್ರಾಹಕರು ಕೇಳುತ್ತಾರೆ. ವಸ್ತುಸಂಗ್ರಹಾಲಯಗಳ ಸಂರಕ್ಷಕರು ಒಪ್ಪುವುದಿಲ್ಲ. ಮಾಡಿದ್ದನ್ನು ಮುಂದೆ ಯಾರಾದರೂ ಬಿಡಿಸಲು ಬರುವಂತಿರಬೇಕು, ಆದಷ್ಟು ಕಡಿಮೆ ಮಾಡಬೇಕು ಎಂಬುದು ಅವರ ಸೂತ್ರ. ಎರಡೂ ಕಡೆ ನ್ಯಾಯವಿದೆ. ತಯಾರಕರು ಬಯಸಿದ್ದು ಹೊಳಪನ್ನೇ, ಗೀರುಗಳನ್ನಲ್ಲ ಎಂಬುದು ಸುಳ್ಳಲ್ಲ.

ಆದರೆ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಒರೆಸದೆ ಬಿಟ್ಟ ಪೆಟ್ಟಿಗೆಯನ್ನು ನಾಳೆಯೂ ಉಜ್ಜಬಹುದು. ಉಜ್ಜಿದ ಪೆಟ್ಟಿಗೆಯನ್ನು ನಿನ್ನೆಗೆ ಕೊಂಡೊಯ್ಯಲಾಗದು. ಪಾಲಿಯುರಿಥೇನಿನ ದಪ್ಪ ಹೊಳಪು ಹೊದ್ದ 1938ರ ರೇಡಿಯೋ, 1938ರ ಯಾವ ದಿನಕ್ಕೂ ಮರಳುವುದಿಲ್ಲ. ಅದು ಬರೀ ಹೊಸದಾಗುತ್ತದೆ. ಮಾರುವವನಿಗೆ ಅದು ಲಾಭವಿರಬಹುದು. ಆದರೆ ಮನೆಯ ಪೆಟ್ಟಿಗೆಯನ್ನು ಮನೆಯಲ್ಲೇ ಇಟ್ಟುಕೊಳ್ಳುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಯಾವ ದಿನಕ್ಕೆ ಮರಳಬೇಕು? ಅಂಗಡಿಯಿಂದ ಬಂದ ಮೊದಲ ದಿನಕ್ಕೋ, ಅಜ್ಜ ವಾರ್ತೆ ಕೇಳುತ್ತಿದ್ದ ದಿನಕ್ಕೋ?

ಬಲಗಡೆಯ ತಿರುಪಿನ ಸುತ್ತ ಲೇಪ ಸವೆದು ಮರ ಕಾಣುವ ಒಂದು ಅರ್ಧಚಂದ್ರ ಬಹುತೇಕ ಎಲ್ಲ ಹಳೆಯ ರೇಡಿಯೋಗಳಲ್ಲೂ ಇರುತ್ತದೆ. ನಿಲಯ ಹುಡುಕುತ್ತಾ ತಿರುಪು ತಿರುಗಿಸಿದವರ ಬೆರಳು ತಾಗಿ ತಾಗಿ ಆದದ್ದು ಅದು. ಪಾಲಿಶ್ ಹಾಕುವವರ ಕಣ್ಣಿಗೆ ಮೊದಲು ಬೀಳುವ ದೋಷವೂ ಅದೇ. ಉಳಿದೆಲ್ಲವನ್ನೂ ಸರಿಪಡಿಸಿ, ಆ ಒಂದು ಗುರುತನ್ನು ಹಾಗೇ ಬಿಡಿ ಎಂದು ಬಡಗಿಗೆ ಹೇಳಬಹುದು. ಕಾರ್ಖಾನೆಯ ಕೈಗೆ ಬಾರದ ಪಾಲಿಶ್ ಅದು; ನಮ್ಮ ಮನೆಯವರೇ ದಿನಾ ಒಂದಿಷ್ಟು ಹಾಕಿದ್ದು.